ಜೀಪಿನ ಮೆರವಣಿಗೆ ಊರಿನದಾಗಿಯೇ ಇರಲಿ

ಮಾನ್ಯರೇ,

ನಿವೃತ್ತರಾಗಿ ಬರುವ ಸೈನಿಕರಿಗೆ ತಾಲ್ಲೂಕು ಆಡಳಿತವೇ ಮುಂದೆ ನಿಂತು ಸ್ವಾಗತ ಮೆರವಣಿಗೆ ನಡೆಸಬೇಕು ಎಂದು ಓದುಗರೊಬ್ಬರು ಬರೆದಿದ್ದರು. ಹದಿನೇಳು ವರ್ಷ ಸೇವೆ ಮುಗಿಸಿ 2004ರಲ್ಲಿ ಊರಿಗೆ ಬಂದವನು ನಾನು. ಮೆರವಣಿಗೆ ಬೇಕು. ಸರ್ಕಾರದ ಮೆರವಣಿಗೆ ಬೇಡ.

ನಾನು ಬಂದಾಗ ಈ ಪದ್ಧತಿ ನಮ್ಮಲ್ಲಿರಲಿಲ್ಲ. ಬೆಳಗಾವಿ ಸ್ಟೇಷನ್ನಿನಲ್ಲಿ ಇಳಿದು, ಹೆಸರು-ನಂಬರು ಬರೆದ ಕರಿ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ ರಾತ್ರಿ ಮನೆ ಸೇರಿದೆ. ಬೆಳಿಗ್ಗೆ ಎದುರುಮನೆಯವರು ಕೇಳಿದ್ದು, ‘ಸೂಟಿ ಎಷ್ಟ್ ದಿನಾ ಐತಿ?’

ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ತೆರೆದ ಜೀಪು, ಡೊಳ್ಳು, ಆರತಿ ಹಿಡಿದ ಹೆಣ್ಣುಮಕ್ಕಳು. ಹೋದ ತಿಂಗಳು ನಮ್ಮೂರ ಹುಡುಗನೊಬ್ಬ ಹಾಗೆ ಬಂದ. ಅಗಸಿ ದಾಟುವುದರೊಳಗೇ ಅವನಿಗೆ ಸಾಕಾಗಿತ್ತು. ‘ಕಾಕಾ, ಇನ್ನ ಇಳೀಲೇನ್ರಿ?’ ಎಂದು ಎರಡು ಸಲ ಕೇಳಿದ. ಅವನ ಅವ್ವ ಮಾತ್ರ ಮನೆ ಬರುವವರೆಗೂ ಜೀಪಿನಿಂದ ಇಳಿಯಲಿಲ್ಲ. ಅಷ್ಟೂ ವರ್ಷ ಜಾತ್ರೆ, ಮದುವೆ, ಮಣ್ಣು ಎಲ್ಲದರಲ್ಲೂ ‘ಮಗಾ ಬರಲಿಲ್ಲೇನು?’ ಎಂಬ ಮಾತಿಗೆ ಉತ್ತರ ಹೇಳಿದವಳು. ಆ ಮೆರವಣಿಗೆಯಲ್ಲಿ ಅರ್ಧ ಅವಳದು. ಇದನ್ನು ಯಾವ ಸುತ್ತೋಲೆ ತಾನೇ ಕೊಡಿಸೀತು?

ಸರ್ಕಾರದ ಸ್ವಾಗತ ಹೇಗಿರುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆ ಇದೆ. ಶ್ರೀಲಂಕಾಕ್ಕೆ ಹೋಗಿದ್ದ ನಮ್ಮ ಶಾಂತಿಪಾಲನಾ ಪಡೆಯ ಕೊನೆಯ ತುಕಡಿಗಳು 1990ರ ಮಾರ್ಚಿನಲ್ಲಿ ಮದ್ರಾಸಿಗೆ ಮರಳಿದಾಗ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರ ಮೇಲೆಯೇ ಗುಂಡು ಹಾರಿಸಿದ ಸೈನ್ಯ ಎಂಬ ಸಿಟ್ಟು ಅವರದು. 1987ರಲ್ಲಿ ಪಡೆಯನ್ನು ಕಳಿಸಿದ ದಿಲ್ಲಿ ಸರ್ಕಾರವೂ ಅಷ್ಟರಲ್ಲಿ ಬದಲಾಗಿತ್ತು. ಶ್ರೀಲಂಕಾದಲ್ಲಿ ಸತ್ತ ನಮ್ಮವರು ಸುಮಾರು 1,200 ಮಂದಿ. ಆಗ ನಾನು ಸೈನ್ಯಕ್ಕೆ ಹೊಸಬ. ಜಾಫ್ನಾದಿಂದ ಬಂದ ಹಿರಿಯರು ಮೆಸ್ಸಿನಲ್ಲಿ ಆ ವಿಷಯ ಎತ್ತುತ್ತಲೇ ಇರಲಿಲ್ಲ. ಕರುಣಾನಿಧಿಯವರ ನಿಲುವು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಸ್ವಾಗತ ಅಧಿಕಾರಸ್ಥರ ಕೈಗೆ ಹೋದರೆ ಅದು ಯುದ್ಧದ ಮೇಲಿನ ತೀರ್ಪಾಗುತ್ತದೆ. ಅದನ್ನು ಹೊರುವವನು ಮಾತ್ರ ಹೋಗೆಂದಲ್ಲಿಗೆ ಹೋದ ಸೈನಿಕ. ಊರಿಗೆ ಯಾವ ಯುದ್ಧವಾದರೇನು, ಇಂಥವರ ಮಗ ಬಂದ ಅಷ್ಟೇ.

ಊರಿನ ಮೆರವಣಿಗೆಯಲ್ಲೂ ಹುಳುಕಿಲ್ಲವೆಂದಲ್ಲ. ಹಾರ ಊರಿನದು, ಊಟದ ಖರ್ಚು ಸೈನಿಕನದು ಎಂಬಂತಾಗಿದೆ. ಜೊತೆಗೆ ಫ್ಲೆಕ್ಸು, ಡಿಜೆ. ಕೈಗೆ ಬಂದ ದುಡ್ಡಿನಲ್ಲಿ ಮನೆ ಸಾಲ ತೀರಿಸಬೇಕೆಂದಿದ್ದವನು ಊರಿಗೆಲ್ಲ ಊಟ ಹಾಕಬೇಕು. ಆಗದವನು ನನ್ನಂತೆ ರಾತ್ರಿ ಬಸ್ಸಿಗೆ ಬರುತ್ತಾನೆ.

ನನ್ನ ಚಿಂತೆ ಈಗ ಅಗ್ನಿವೀರರದು. ನಾಲ್ಕು ವರ್ಷಕ್ಕೆಂದು ಸೈನ್ಯಕ್ಕೆ ಸೇರಿಸಿಕೊಳ್ಳುವ, 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಆ ಅವಧಿಯ ಬಳಿಕ ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬನನ್ನು ಉಳಿಸಿಕೊಳ್ಳುತ್ತಾರೆ. ಮಿಕ್ಕವರಿಗೆ ಸೇವಾನಿಧಿ ಎಂದು ಒಂದೇ ಗಂಟಾಗಿ ಕೊಡುವ ಹನ್ನೊಂದು ಲಕ್ಷ ಚಿಲ್ಲರೆ, ಪಿಂಚಣಿ ಇಲ್ಲ. ಇಪ್ಪತ್ಮೂರರ ಹುಡುಗ ಟ್ರಂಕು ಹೊತ್ತು ಬಸ್ಸಿಳಿದರೆ ಊರು ಡೊಳ್ಳು ತರುತ್ತದೆಯೋ, ‘ಇವನ್ನ ಇಟ್ಕೊಳ್ಳಿಲ್ಲಂತ’ ಎಂದು ಕಟ್ಟೆಯ ಮೇಲೆ ಮಾತಾಡುತ್ತದೆಯೋ? ಮೆರವಣಿಗೆ ಯಾರಿಗಾದರೂ ನಿಜಕ್ಕೂ ಬೇಕಿದ್ದರೆ ಅದು ಇವರಿಗೆ.

ಮೊದಲ ತಂಡದಲ್ಲಿ ಸೇರಿದ ಇಬ್ಬರು ನಮ್ಮೂರಿನವರು. ಅವರ ನಾಲ್ಕು ವರ್ಷ ಮುಗಿದಾಗ, ಯಾರನ್ನು ಉಳಿಸಿಕೊಂಡರು ಎಂದು ಕೇಳದೆ ಜೀಪು ಹೇಳಬೇಕು, ಊಟ ಊರವರು ಕೂಡಿಸಿದ ಪಟ್ಟಿ ಹಣದಿಂದ ಆಗಬೇಕು ಎಂದು ಯುವಕ ಸಂಘದವರಿಗೆ ಹೇಳಿದ್ದೇನೆ. ಎರಡಕ್ಕೂ ಹೂಂ ಅಂದಿದ್ದಾರೆ. ಡಿಜೆ ಬಿಡುವುದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ.

– ಒಬ್ಬ ಮಾಜಿ ಸೈನಿಕ, ಬೈಲಹೊಂಗಲ ತಾಲ್ಲೂಕು