ಹೈಬ್ರಿಡ್ ಕಾರುಗಳ ಎಸಿ ಕೆಲಸ ಇನ್ನು ಮುಂದೆ ಗುರುವಾರ, ಶುಕ್ರವಾರ ಮಾತ್ರ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಬರುವ ಒಂದನೇ ತಾರೀಖಿನಿಂದ ನಮ್ಮ ಬಳ್ಳಾರಿ ಶಾಪಿನಲ್ಲಿ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ (ಪೆಟ್ರೋಲ್ ಇಂಜಿನ್ ಜೊತೆಗೆ ದೊಡ್ಡ ಬ್ಯಾಟರಿ, ಮೋಟರಿನಿಂದಲೂ ಓಡುವಂಥವು) ಎಸಿ ಕೆಲಸ ಮತ್ತೆ ಶುರುವಾಗುತ್ತದೆ. ಆದರೆ ವಾರಕ್ಕೆ ಎರಡೇ ದಿನ, ಗುರುವಾರ ಮತ್ತು ಶುಕ್ರವಾರ. ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡೇ ಬರಬೇಕು. ಚೆಕಿಂಗ್ ಚಾರ್ಜು 1,500 ರೂಪಾಯಿ. ಕೆಲಸ ನಮ್ಮಲ್ಲೇ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಬೇರೆ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆ, ಲಾರಿ ಕ್ಯಾಬಿನ್ನುಗಳಿಗೆ ಏನೂ ಬದಲಾಗಿಲ್ಲ. ಅವು ಎಂದಿನಂತೆ ಯಾವತ್ತಾದರೂ ಬರಬಹುದು.

ಏಳು ತಿಂಗಳಿಂದ ಹೈಬ್ರಿಡ್ ಗಾಡಿ ಬಂದರೆ ವಾಪಸ್ ಕಳಿಸುತ್ತಿದ್ದೆವು. ನಮ್ಮ ಹತ್ತಿರವೇ ಇಪ್ಪತ್ತು ವರ್ಷ ಕೆಲಸ ಮಾಡಿಸಿದವರಿಗೂ ಇಲ್ಲ ಅಂದೆವು. ಬೇಜಾರಾಗಿದೆ ಅಂತ ಗೊತ್ತು. ಕ್ಷಮೆ ಕೇಳುತ್ತೇವೆ. ಆದರೆ ಇಲ್ಲ ಅಂದದ್ದು ಸರಿಯೇ ಇತ್ತು ಅನ್ನೋದನ್ನೂ ಹೇಳಬೇಕು.

ಕಳೆದ ಮೇ ತಿಂಗಳಲ್ಲಿ ಒಬ್ಬರ ಹೈಬ್ರಿಡ್ ಗಾಡಿಗೆ ಎಸಿ ಗ್ಯಾಸ್ ತುಂಬಿ ಕೊಟ್ಟೆವು. ತಣ್ಣಗೆ ಗಾಳಿ ಬಂತು, ಅವರೂ ಖುಷಿಯಾಗಿ ಹೋದರು. ಒಂಬತ್ತನೇ ದಿನ ಬೆಳಿಗ್ಗೆ ಅವರ ಮನೆ ಮುಂದೆ ಗಾಡಿ ಅಲ್ಲಾಡಲಿಲ್ಲ. ಮೀಟರಿನಲ್ಲಿ ವಾರ್ನಿಂಗ್, ಗಾಡಿ ಹೊರಡಲು ಸಿದ್ಧ ಅಂತ ತೋರಿಸುವ 'ರೆಡಿ' ದೀಪ ಹತ್ತುತ್ತಿಲ್ಲ. ತಪ್ಪು ನಮ್ಮದೇ. ನಮ್ಮ ಮಷೀನಿನ ಪೈಪಿನಲ್ಲಿ ಉಳಿದಿದ್ದ ಹಳೆ ಎಣ್ಣೆ ಅವರ ಕಂಪ್ರೆಸರ್ (ಎಸಿ ಗ್ಯಾಸನ್ನು ಒತ್ತಿ ತಳ್ಳುವ ಪಂಪು) ಒಳಗೆ ಹೋಗಿತ್ತು. ಗಾಡಿಯನ್ನು ಬೆಂಗಳೂರಿಗೆ ಸಾಗಿಸಿದ ಖರ್ಚು, ಹೊಸ ಕಂಪ್ರೆಸರ್ ಖರ್ಚು ನಾವೇ ಕೊಟ್ಟೆವು. ದುಡ್ಡು ಹೋದದ್ದಕ್ಕಿಂತ, ಅವರ ಮಗಳ ಮದುವೆ ವಾರದಲ್ಲಿ ಅವರಿಗೆ ಗಾಡಿ ಇಲ್ಲದಂತೆ ಮಾಡಿದ್ದು ಇವತ್ತಿಗೂ ಚುಚ್ಚುತ್ತದೆ. ಸರಿಯಾಗಿ ಕಲಿತವರು ಸಿಗುವ ತನಕ ಈ ಗಾಡಿಗಳನ್ನು ಮುಟ್ಟಬಾರದು ಅಂತ ಅವತ್ತೇ ನಿರ್ಧಾರ ಮಾಡಿದೆವು.

ಈಗ ಎಲ್ಲರೂ ಕೇಳುವ ಮಾತಿಗೆ ಬರೋಣ. "ಏನಣ್ಣ, ಗ್ಯಾಸ್ ಅದೇ ಅಲ್ವಾ? ಪಕ್ಕದ ಗಾಡಿಗೆ ಅರ್ಧ ರೇಟು, ನನಗೆ ಮಾತ್ರ ಯಾಕೆ ಡಬಲ್?" ಕೌಂಟರಿನಲ್ಲಿ ನಿಂತು ಈ ಮಾತನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಗದ್ದಲದಲ್ಲಿ ಸರಿಯಾಗಿ ಉತ್ತರ ಕೊಡೋಕೂ ಆಗಿಲ್ಲ. ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತೇವೆ.

ಗ್ಯಾಸ್ ಒಂದೇ ಇರಬಹುದು, ನಿಜ. ಕಂಪ್ರೆಸರ್ ಒಂದೇ ಅಲ್ಲ. ಮಾಮೂಲಿ ಗಾಡಿಯಲ್ಲಿ ಇಂಜಿನ್ ಬೆಲ್ಟು ಕಂಪ್ರೆಸರನ್ನು ತಿರುಗಿಸುತ್ತದೆ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬೆಲ್ಟೇ ಇಲ್ಲ. ಕಂಪ್ರೆಸರ್ ಒಳಗೇ ಒಂದು ಮೋಟರ್ ಇದೆ, ಅದಕ್ಕೆ ದೊಡ್ಡ ಬ್ಯಾಟರಿಯಿಂದ ಕರೆಂಟು. ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಆ ಬ್ಯಾಟರಿ 170ರಿಂದ 200 ವೋಲ್ಟ್ ಆಸುಪಾಸು ಇರುತ್ತದೆ. ಬಾನೆಟ್ ಎತ್ತಿದರೆ ಕಿತ್ತಳೆ ಬಣ್ಣದ ದಪ್ಪ ವೈರು ಕಾಣುತ್ತಲ್ಲ, ಅದೇ. ಮೋಟರಿನ ತಾಮ್ರದ ಸುರುಳಿ ಗ್ಯಾಸ್ ಮತ್ತು ಎಣ್ಣೆಯ ಮಧ್ಯೆಯೇ ಇರುತ್ತದೆ. ಅದಕ್ಕೇ ಆ ಎಣ್ಣೆ ಕರೆಂಟು ಹರಿಯಲು ಬಿಡಬಾರದು. ಅಲ್ಲಿ ಹಾಕೋದು ಪಿಒಇ ಎಣ್ಣೆ. ಬೆಲ್ಟ್ ಕಂಪ್ರೆಸರಿಗೆ ಹಾಕುವ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಇನ್ಸುಲೇಷನ್, ಅಂದರೆ ಕರೆಂಟು ಹೊರಗೆ ಹರಿಯದಂತೆ ತಡೆಯುವ ಶಕ್ತಿ, ಇಳಿಯುತ್ತದೆ. ಕರೆಂಟು ಬಾಡಿಗೆ ಲೀಕ್ ಆಗುತ್ತಿದೆ ಅಂತ ಗಾಡಿಯ ಕಂಪ್ಯೂಟರ್ ಪತ್ತೆ ಹಚ್ಚಿ ವಾರ್ನಿಂಗ್ ಕೊಡುತ್ತದೆ, ಕೆಲವು ಸಲ ಸ್ಟಾರ್ಟ್ ಆಗೋಕೇ ಬಿಡಲ್ಲ. ಮೇ ತಿಂಗಳಲ್ಲಿ ಆದದ್ದು ಇದೇ.

ಹಾಗಾಗಿ ಈ ಗಾಡಿಗಳಿಗೆ ಅಂತಲೇ ಬೇರೆ ಗ್ಯಾಸ್ ಮಷೀನ್ ತಂದಿದ್ದೇವೆ. ಅದರ ಪೈಪು ಬೇರೆ, ಎಣ್ಣೆ ಬೇರೆ. ಮಾಮೂಲಿ ಗಾಡಿಗೆ ಅದನ್ನು ಹಚ್ಚುವುದಿಲ್ಲ. ವಾರದಲ್ಲಿ ಐದು ದಿನ ಅದು ಸುಮ್ನೆ ನಿಂತಿರುತ್ತದೆ. ಸಾಲದ ಕಂತು ಮಾತ್ರ ನಿಲ್ಲಲ್ಲ. ಲೀಕ್ ಹುಡುಕಲು ಹಾಕುವ ಬಣ್ಣವೂ ಈ ಎಣ್ಣೆಗೆ ಹೊಂದುವಂಥದ್ದೇ ಆಗಬೇಕು. ಕೆಲಸ ಮುಗಿದ ಮೇಲೆ ಮೆಗ್ಗರ್ ಅನ್ನೋ ಮೀಟರ್ ಹಿಡಿದು ಇನ್ಸುಲೇಷನ್ ನೋಡಬೇಕು. ರಬ್ಬರ್ ಗ್ಲೌಸು 1000 ವೋಲ್ಟಿನದು. ಪ್ರತಿ ಸಲ ಹಾಕಿಕೊಳ್ಳುವ ಮುಂಚೆ ಅದರ ಬಾಯಿಯನ್ನು ಸುರುಳಿ ಸುತ್ತಿ ಗಾಳಿ ಹಿಡಿದು ಕೆನ್ನೆಯ ಹತ್ತಿರ ಒತ್ತಿ ನೋಡುತ್ತೇವೆ. ಸೂಜಿ ಮೊನೆಯಷ್ಟು ತೂತಿದ್ದರೂ ಕೆನ್ನೆಗೆ ಗಾಳಿ ತಾಗುತ್ತದೆ. ತಾಗಿತಾ, ಆ ಜೋಡಿ ಕಸದ ಬುಟ್ಟಿಗೆ.

ಟೈಮೂ ಜಾಸ್ತಿ. ಈ ಗಾಡಿ ಆನ್ ಇದ್ದರೂ ಸದ್ದು ಮಾಡಲ್ಲ. ಆಫ್ ಇದೆ ಅಂದುಕೊಂಡು ಕೈ ಹಾಕಿದರೆ ಕಥೆ ಮುಗಿಯಿತು. ಅದಕ್ಕೇ ಕೀ ತೆಗೆದುಕೊಂಡು ದೂರದ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕುತ್ತೇವೆ. ದೊಡ್ಡ ಬ್ಯಾಟರಿಯ ಕರೆಂಟು ಕಡಿಯುವ ಸರ್ವಿಸ್ ಪ್ಲಗ್ ಕಳಚಿದ ಮೇಲೂ ಒಳಗಿನ ಕರೆಂಟು ಇಳಿಯಲು ಹತ್ತು ನಿಮಿಷ ಕಾಯಬೇಕು, ಆಮೇಲೆ ಮೀಟರ್ ಹಚ್ಚಿ ಸೊನ್ನೆ ಇದೆಯಾ ನೋಡಬೇಕು. ಹೊರಗೆ ಕೂತವರಿಗೆ ನಾವು ಕೈಕಟ್ಟಿ ನಿಂತ ಹಾಗೆ ಕಾಣುತ್ತದೆ. ದಯವಿಟ್ಟು ಆ ಹತ್ತು ನಿಮಿಷ ನಮ್ಮನ್ನು ಅವಸರ ಮಾಡಬೇಡಿ. ಬಿಲ್ಲಿನಲ್ಲಿ ಕಾಣುವ 18% ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತದೆ, ಅದನ್ನೂ ನಮ್ಮ ರೇಟು ಅಂತ ಲೆಕ್ಕ ಹಾಕಬೇಡಿ.

ಇಷ್ಟೆಲ್ಲ ಸಾಮಾನು ತಂದರೂ ಕೈ ಬೇಕಲ್ಲ. ಅದಕ್ಕೇ ಏಳು ತಿಂಗಳು ಹಿಡಿಯಿತು. ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೈಕ್ರಾಸ್ ಎಲ್ಲ ನಮ್ಮ ರಾಜ್ಯದ ಬಿಡದಿಯಲ್ಲೇ ತಯಾರಾದ ಗಾಡಿಗಳು. 2007ರಿಂದ ಅಲ್ಲಿ ಟೊಯೋಟಾ ಕಂಪನಿಯದೇ ತರಬೇತಿ ಸಂಸ್ಥೆಯೂ ಇದೆ. ಆದರೆ ಈ ಕೆಲಸ ಚೆನ್ನಾಗಿ ಕಲಿತ ಹುಡುಗನಿಗೆ ಬೆಂಗಳೂರಿನಲ್ಲೇ ಒಳ್ಳೆ ಸಂಬಳ ಸಿಗುತ್ತೆ. ಬಳ್ಳಾರಿ ಬಿಸಿಲಿಗೆ ಯಾಕೆ ಬರುತ್ತಾನೆ? ನಮ್ಮ ಕಡೆಯ ಹುಡುಗರೂ ತೋರಣಗಲ್ಲಿನ ದೊಡ್ಡ ಕಾರ್ಖಾನೆಯ ಕೆಲಸವನ್ನೇ ನೋಡುತ್ತಾರೆ, ತಪ್ಪೇನಿಲ್ಲ. ಒಟ್ಟು ಹನ್ನೊಂದು ಜನ ಬಂದರು. ಎಲ್ಲರಿಗೂ ನಾವು ಕೇಳಿದ್ದು ಒಂದೇ ಪ್ರಶ್ನೆ: "ಕಿತ್ತಳೆ ವೈರು ಮುಟ್ಟುವ ಮುಂಚೆ ಏನೇನು ಮಾಡ್ತೀರಿ?" ಒಬ್ಬರು "ಹನ್ನೆರಡು ವೋಲ್ಟ್ ಬ್ಯಾಟರಿ ಬಿಚ್ಚಿದರೆ ಆಯ್ತು" ಅಂದರು. ಕೈಯಲ್ಲಿ ಮೂರು ಸರ್ಟಿಫಿಕೇಟ್ ಇದ್ದವು. ಮನಸ್ಸು ಒಪ್ಪಲಿಲ್ಲ, ಕಳಿಸಿದೆವು.

ಕೊನೆಗೆ ಸಿಕ್ಕವರು ಸಿರುಗುಪ್ಪ ಕಡೆಯವರು. ಬೆಂಗಳೂರಿನ ಷೋರೂಮ್ ವರ್ಕ್‌ಶಾಪಿನಲ್ಲಿ ಹೈಬ್ರಿಡ್ ಗಾಡಿಗಳನ್ನೇ ನೋಡುತ್ತಿದ್ದರು, ಈಗ ಹುಬ್ಬಳ್ಳಿಯಲ್ಲಿ ಸ್ವಂತ ಕೆಲಸ. ನಾವು ಕೇಳಿದ ಪ್ರಶ್ನೆಗೆ ಅವರು ಉತ್ತರ ಹೇಳಲಿಲ್ಲ. ನಮ್ಮ ಗ್ಲೌಸು ಎತ್ತಿಕೊಂಡು ಸುರುಳಿ ಸುತ್ತಿ ಕೆನ್ನೆಗೆ ಹಿಡಿದರು. ಅಲ್ಲೇ ಒಪ್ಪಿಕೊಂಡೆವು. ಬುಧವಾರ ರಾತ್ರಿ ರೈಲಿಗೆ ಬರುತ್ತಾರೆ, ಶುಕ್ರವಾರ ರಾತ್ರಿ ಹೋಗುತ್ತಾರೆ. ಎರಡೇ ದಿನ ಯಾಕೆ ಅನ್ನುವವರಿಗೆ ಇದೇ ಕಾರಣ. ನಮ್ಮ ಶಾಪಿನ ಡಿಪ್ಲೊಮಾ ಹುಡುಗ ಅವರ ಜೊತೆ ನಿಂತು ಕಲಿಯುತ್ತಿದ್ದಾನೆ. ಅವನ ಕೈ ಪಳಗುವ ತನಕ ದಿನ ಜಾಸ್ತಿ ಮಾಡೋದಿಲ್ಲ.

ನಿಮ್ಮ ಗಾಡಿ ಯಾವ ಥರದ್ದು ಅಂತ ಗೊತ್ತಿಲ್ಲದಿದ್ದರೆ ಗಾಬರಿ ಬೇಡ. ಹೈಬ್ರಿಡ್ ಅಂತ ಹಿಂದೆ ಬರೆದ ಮಾತ್ರಕ್ಕೆ ಎಲ್ಲವೂ ಸ್ಟ್ರಾಂಗ್ ಹೈಬ್ರಿಡ್ ಅಲ್ಲ. ಎರ್ಟಿಗಾದಂಥ ಸ್ಮಾರ್ಟ್ ಹೈಬ್ರಿಡ್ ಗಾಡಿಗಳಲ್ಲಿ ಬೆಲ್ಟ್ ಕಂಪ್ರೆಸರೇ ಇದೆ. ಅವಕ್ಕೆ ಹಳೇ ರೇಟು, ಯಾವ ದಿನ ಬೇಕಾದರೂ ಬನ್ನಿ. ಗ್ರ್ಯಾಂಡ್ ವಿಟಾರಾದಲ್ಲಿ ಎರಡೂ ಥರ ಇವೆ. ಸಿಗ್ನಲ್ಲಿನಲ್ಲಿ ಇಂಜಿನ್ ತಾನಾಗಿ ನಿಂತಾಗಲೂ ಎಸಿ ತಣ್ಣಗೇ ಬರುತ್ತಿದ್ದರೆ ಸ್ಟ್ರಾಂಗ್. ಸ್ವಲ್ಪ ಹೊತ್ತಿಗೆ ಗಾಳಿ ಬೆಚ್ಚಗಾದರೆ ಮಾಮೂಲಿ. ಕಂಪನಿ ವಾರಂಟಿ ಇನ್ನೂ ಇದ್ದರೆ ದಯವಿಟ್ಟು ಷೋರೂಮಿಗೇ ಹೋಗಿ, ನಮಗೆ ದುಡ್ಡು ಕೊಡಬೇಡಿ. 2022ರ ಕೊನೆಗೆ ಬಂದ ಗಾಡಿಗಳ ಮಾಮೂಲಿ ಕಂಪನಿ ವಾರಂಟಿ ಈಗ ಮುಗಿದಿದೆ, ಅದಕ್ಕೇ ಈ ಗಾಡಿಗಳು ನಮ್ಮಂಥವರ ಬಾಗಿಲಿಗೆ ಬರುತ್ತಿವೆ. ಆದರೆ ದೊಡ್ಡ ಬ್ಯಾಟರಿಯ ವಾರಂಟಿ ಬೇರೆ, ಹೆಚ್ಚು ವರ್ಷ ಇರುತ್ತದೆ. ಪುಸ್ತಕ ತೆಗೆದು ನೋಡಿ.

ಇನ್ನೊಂದು ಮಾತು. ಅನೇಕ ಹೈಬ್ರಿಡ್ ಗಾಡಿಗಳಲ್ಲಿ ಸೀಟಿನ ಹತ್ತಿರ ಒಂದು ಸಣ್ಣ ಜಾಲರಿ ಇರುತ್ತದೆ. ಬ್ಯಾಟರಿ ತಣ್ಣಗಿರಲು ಒಳಗಿನ ಗಾಳಿ ಅಲ್ಲಿಂದ ಹೋಗುತ್ತದೆ. ಸಂಡೂರು ರಸ್ತೆಯಲ್ಲಿ ದಿನಾ ಓಡಾಡುವವರ ಗಾಡಿಯಲ್ಲಿ ಆ ಜಾಲರಿ ತೆಗೆದರೆ ಕೆಂಪು ಅದಿರಿನ ಧೂಳು ಹೊದಿಕೆಯ ಹಾಗೆ ಕೂತಿರುತ್ತೆ. ಅದರ ಮೇಲೆ ಬ್ಯಾಗು, ಟವೆಲ್ಲು ಇಡಬೇಡಿ. ಜಾಲರಿಯನ್ನು ನಾವು ಪುಕ್ಕಟೆ ಸ್ವಚ್ಛ ಮಾಡಿ ಕೊಡುತ್ತೇವೆ, ಯಾವ ದಿನವಾದರೂ ಸರಿ, ಹೈಬ್ರಿಡ್ ಕೆಲಸದ ದಿನವೇ ಆಗಬೇಕೆಂದಿಲ್ಲ.

ಈ ಏಳು ತಿಂಗಳಲ್ಲಿ ವಾಪಸ್ ಹೋದವರ ಹೆಸರು, ನಂಬರು ನನ್ನ ಡೈರಿಯಲ್ಲಿವೆ. ಅವರಿಗೆ ಮೊದಲು ನಾನೇ ಫೋನ್ ಮಾಡುತ್ತೇನೆ, ಮೊದಲ ಸರದಿ ಅವರದು. ಚೆಕಿಂಗ್ ಚಾರ್ಜು ಅವರಿಗೆ ಇಲ್ಲ. ನಮ್ಮೂರ ಸಿಡಿಬಂಡಿ ಜಾತ್ರೆ ಬರುವಷ್ಟರಲ್ಲಿ ಬಿಸಿಲು ಏರಿಬಿಡುತ್ತದೆ, ಆಮೇಲೆ ಎಲ್ಲರೂ ಒಟ್ಟಿಗೆ ಬಂದರೆ ಎರಡು ದಿನದಲ್ಲಿ ಮುಗಿಸೋದು ಕಷ್ಟ. ಎಸಿ ಸ್ವಲ್ಪ ಮಂಕಾಗಿದೆ ಅನ್ನಿಸಿದರೆ ಈಗಲೇ ದಿನ ಹಿಡಿಯಿರಿ. ಗಾಡಿಯನ್ನು ಬುಧವಾರ ಸಂಜೆಯೇ ಬಿಟ್ಟು ಹೋದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಕೆಲಸ ಶುರು ಮಾಡಬಹುದು. ರಾತ್ರಿ ಶಟರ್ ಒಳಗೇ ನಿಲ್ಲಿಸುತ್ತೇವೆ.

ನಿಮ್ಮವ,
ಶಾಪಿನ ಮಾಲೀಕ, ಬಳ್ಳಾರಿ