ಕಟ್ಟಾಯ ಹೋಬಳಿ ಯಾವ ಕ್ಷೇತ್ರಕ್ಕೆ? ಸಕಲೇಶಪುರ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಕಟ್ಟಾಯ ಹೋಬಳಿಯ ಮತದಾರ. ನಮ್ಮ ಪಹಣಿ, ಪೋಡಿ, ಪಿಂಚಣಿ ಎಲ್ಲಕ್ಕೂ ಹಾಸನ ತಾಲ್ಲೂಕು ಕಚೇರಿ. ಆಸ್ಪತ್ರೆ, ಮಕ್ಕಳ ಕಾಲೇಜಿಗೂ ಹಾಸನವೇ. ವೋಟು ಮಾತ್ರ ಸಕಲೇಶಪುರಕ್ಕೆ. 2008ರ ಚುನಾವಣೆಯಿಂದ ಹೀಗೇ ನಡೆದಿದೆ.

ನಮ್ಮೂರ ಕೆರೆ ಏರಿಯ ರಸ್ತೆ ಕಿತ್ತುಹೋದಾಗ ಕಚೇರಿಯೊಂದರಲ್ಲಿ 'ನಿಮ್ಮ ಎಂಎಲ್‌ಎ ಲೆಟರ್ ತನ್ನಿ' ಅಂದರು. ಲೆಟರ್ ತರಲು ಹಾಸನಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸಕಲೇಶಪುರಕ್ಕೆ ಹೋಗಬೇಕು. ತಂದ ಲೆಟರ್ ಕೊಡಲು ಮತ್ತೆ ಹಾಸನಕ್ಕೆ. ನಿಮ್ಮನ್ನು ದೂರುತ್ತಿಲ್ಲ. ಆನೆ ಕಾಟ, ಶಿರಾಡಿ ಘಾಟಿಯ ಕುಸಿತ, ಕಾಫಿ ಬೆಳೆಗಾರರ ಗೋಳು, ಇಷ್ಟರಲ್ಲೇ ನಿಮ್ಮ ಮಳೆಗಾಲ ಕಳೆದುಹೋಗುತ್ತದೆ. ನಮ್ಮ ಜೋಳ, ಆಲೂಗಡ್ಡೆ ಹೊಲಗಳ ಸರದಿ ಬರುವುದೇ ಕಡೆಗೆ.

ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸುವ ಕಳೆದ ವಿಂಗಡಣೆ 2001ರ ಜನಗಣತಿ ಮೇಲೆ ನಡೆಯಿತು. ರಾಜ್ಯದ 224 ಸ್ಥಾನ ಹಾಗೇ ಉಳಿದವು, ಗಡಿಗಳು ಮಾತ್ರ ಕದಲಿದವು. ಹಾಸನದಲ್ಲಿ ಗಂಡಸಿ, ಪಕ್ಕದ ಚಿಕ್ಕಮಗಳೂರಿನಲ್ಲಿ ಬೀರೂರು ಕ್ಷೇತ್ರಗಳೇ ಇಲ್ಲವಾದವು. ಬೇಲೂರಿನ ಪರಿಶಿಷ್ಟ ಜಾತಿ ಮೀಸಲು ಸಕಲೇಶಪುರಕ್ಕೆ ಬಂತು. ಅದಕ್ಕೆ ನನ್ನ ತಕರಾರಿಲ್ಲ, ಮೀಸಲು ಒಂದೆಡೆಯೇ ನಿಲ್ಲಬೇಕೆಂದೇನಿಲ್ಲ. ತಕರಾರಿರುವುದು ಹೋಬಳಿಯನ್ನು ತಾಲ್ಲೂಕಿನಿಂದ ಕತ್ತರಿಸಿದ ರೀತಿಗೆ. 2002ರ ಕ್ಷೇತ್ರ ವಿಂಗಡಣಾ ಕಾಯ್ದೆಯಲ್ಲೇ ಆಡಳಿತ ಗಡಿ, ಸಂಚಾರ ಸೌಲಭ್ಯ, ಜನರ ಅನುಕೂಲ ನೋಡಿ ಎಂದಿದೆ. ನಮ್ಮ ಬಸ್ಸಿನ ದಾರಿಯನ್ನು ಯಾರು ನೋಡಿದ್ದರೋ!

ಅಂತಿಮ ಆದೇಶ ಗೆಜೆಟ್‌ನಲ್ಲಿ ಬಂದ ಮೇಲೆ ಕೋರ್ಟಿಗೆ ಹೋಗಲು ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತದೆ. ಹಾಗಾಗಿ ಮಾತಾಡುವುದಿದ್ದರೆ ಕರಡು ಹೊರಬಿದ್ದಾಗಲೇ. ಕಳೆದ ಬಾರಿ ವಿಂಗಡಣಾ ಆಯೋಗದ ಜೊತೆ ನಮ್ಮ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿದ್ದರು. ಅವರಿಗೆ ಮತದ ಹಕ್ಕಿರಲಿಲ್ಲ, ಬಾಯಿಯಾದರೂ ಇತ್ತು.

ಮುಂದಿನ ವಿಂಗಡಣೆಯ ಕರಡು ಬಂದ ವಾರದೊಳಗೆ ಕಟ್ಟಾಯದಲ್ಲೇ ಒಂದು ಸಭೆ ಕರೆಯಿರಿ. ಗ್ರಾಮಗಳ ಹೆಸರಿರುವ ದೊಡ್ಡ ನಕ್ಷೆ ಗೋಡೆಗೆ ಹಾಕಿಸಿ, ಆಕ್ಷೇಪಣೆಗಳನ್ನು ಅಲ್ಲೇ ಬರೆಸಿಕೊಳ್ಳಿ. ಹಾಸನ ಶಾಸಕರೂ ಬರಲಿ. ನಮ್ಮನ್ನು ಬಿಟ್ಟುಕೊಟ್ಟರೆ ನಿಮಗೆ ಒಂದಷ್ಟು ವೋಟು ಕಮ್ಮಿಯಾಗಬಹುದು, ಗೊತ್ತು. ಆದರೂ ಕೇಳುತ್ತಿದ್ದೇನೆ.

ಇಂತಿ,
ಕಟ್ಟಾಯ ಹೋಬಳಿಯ ಒಬ್ಬ ರೈತ