ನಿಮ್ಮಿಗೆ, ಗೋದಲಿ ವಿಚಾರವಾಗಿ

ಪ್ರೀತಿಯ ನಿಮ್ಮಿ,

ನಿನ್ನ ಕಾಗದ ಬಂತು. ನಿಮ್ಮಪ್ಪನ ವಿಚಾರ, ಜಮೀನಿನ ವಿಚಾರ ನಿನಗೂ ಗೊತ್ತು, ನನಗೂ ಗೊತ್ತು, ಅದನ್ನು ಇಲ್ಲಿ ಕೆದಕಲ್ಲ. ಕೊನೆಯ ಪುಟದಲ್ಲಿ ಬರೆದಿದ್ದೀಯಲ್ಲ, ಕ್ರಿಸ್‌ಮಸ್‌ಗೆ ಅಪಾರ್ಟ್‌ಮೆಂಟಿನ ಐದಾರು ಮಕ್ಕಳನ್ನು ಮನೆಗೆ ಕರೆದು ನಿಮ್ಮ ಜೋಯಲ್ ಜೊತೆ ನಕ್ಷತ್ರ ಕಟ್ಟಿಸಬೇಕು, ಯೇಸು ಹುಟ್ಟಿದ ಹಟ್ಟಿಯ ಗೋದಲಿ ಮಾಡಿಸಬೇಕು ಅಂತ ಆಸೆ, ಆದರೆ ‘ಅವರಪ್ಪ ಅಮ್ಮ ಬೇರೆ ಥರ ತಿಳಿದುಕೊಂಡರೆ? ಮಕ್ಕಳನ್ನು ಮತಾಂತರ ಮಾಡೋಕೆ ನೋಡ್ತಿದ್ದಾರೆ ಅಂತ ಯಾರಾದರೂ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಬಿಟ್ಟರೆ?’ ಅಂತ. ಅದೊಂದಕ್ಕೇ ಉತ್ತರ ಬರೆಯೋಣ ಅಂತ ಕೂತೆ.

ಹಾಗೆಲ್ಲ ಏನೂ ಆಗಲ್ಲ, ಸುಮ್ಮನೆ ಹೆದರಬೇಡ ಅಂತ ಎರಡು ಸಾಲು ಗೀಚಿ ಮುಗಿಸಬಹುದಿತ್ತು. ಕೈ ಬರಲಿಲ್ಲ. ನಾನೂ ದಿನಾ ಪೇಪರ್ ಓದುವವಳೇ. ನಿನ್ನ ವಯಸ್ಸಿನಲ್ಲಿ ಈ ಯೋಚನೆ ನನ್ನ ತಲೆಗೆ ಬಂದೇ ಇರಲಿಲ್ಲ ಅಂತ ಬರೆಯಹೊರಟೆ, ಅದೂ ಪೂರ್ತಿ ನಿಜವಲ್ಲ ಅನ್ನಿಸಿ ಪೆನ್ನು ಕೆಳಗಿಟ್ಟೆ.

ಊರಿನಲ್ಲಿ ಗೋದಲಿ ಅಂದರೆ ಇಡೀ ಬೀದಿಯ ಕೆಲಸ. ನಿಮ್ಮ ತಾತ ರೇಷ್ಮೆ ಮನೆಯಲ್ಲಿ ಹುಳ ಗೂಡು ಕಟ್ಟೋಕೆ ಬಿಡುವ ಹಳೆ ಬಿದಿರಿನ ಚಂದ್ರಿಕೆ ಒಂದನ್ನು ಇದಕ್ಕೇ ಅಂತ ಎತ್ತಿಡುತ್ತಿದ್ದರು. ಹುಳ ಗೂಡು ಕಟ್ಟಿ ಕಟ್ಟಿ ಹಳದಿಯಾದ ಬಿದಿರು, ಎಷ್ಟು ತೊಳೆದರೂ ಆ ವಾಸನೆ ಹೋಗದು. ಅದರ ದಬ್ಬೆ ಬಿಚ್ಚಿ, ಕುಡುಗೋಲಿನ ಬೆನ್ನಲ್ಲಿ ಹೆರೆದು, ಎರಡಡಿ ಉದ್ದಕ್ಕೆ ಕತ್ತರಿಸಿ ಕೊಡೋರು. ಐದು ಕಡ್ಡಿಗೆ ಒಂದು ನಕ್ಷತ್ರ. ಒಂದರ ಮೇಲೆ, ಇನ್ನೊಂದರ ಕೆಳಗೆ ಹೆಣೆಯುತ್ತಾ ಹೋಗಬೇಕು. ಪ್ರತಿ ಕಡ್ಡಿಯ ಎರಡೂ ತುದಿಯಿಂದ ಒಂಬತ್ತು ಇಂಚು, ಒಂದು ಕೂದಲು ಜಾಸ್ತಿ, ಅಲ್ಲೇ ಗಂಟು ಬೀಳಬೇಕು. ಆ ಲೆಕ್ಕ ತಪ್ಪಿದರೆ ಒಂದು ಮೂಲೆ ಉದ್ದ, ಒಂದು ಮೂಲೆ ಮೊಂಡು. ಹಾಗೆ ಎರಡು ಮಾಡಿ, ಬೆನ್ನಿಗೆ ಬೆನ್ನು ಇಟ್ಟು ತುದಿಗಳನ್ನು ಬಿಗಿದು, ನಡುವಿನ ಐದು ಗಂಟುಗಳ ಹತ್ತಿರ ಐದಿಂಚಿನ ಮೋಟುಕಡ್ಡಿ ಸಿಕ್ಕಿಸಿದರೆ ಚಪ್ಪಟೆ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತೆ. ಆಮೇಲೆ ಗಾಳಿಪಟದ ಕಾಗದ, ಮೈದಾ ಗೋಂದು. ಗೋಂದಿಗೆ ಜಿರಳೆ ಬಾರದಿರಲಿ ಅಂತ ನಿಮ್ಮ ತಾತ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ನೀನು ಹಾಕಬೇಡ, ಅದು ವಿಷ, ಮಕ್ಕಳ ಬೆರಳು ಬಾಯಿಗೆ ಹೋಗುತ್ತೆ.

ಈ ಕೆಲಸಕ್ಕೆಲ್ಲ ಕೈಹಾಕುತ್ತಿದ್ದವರು ಯಾರು ಅನ್ಕೊಂಡೆ? ನಾವು ಅಕ್ಕತಂಗಿಯರು, ನಮ್ಮ ಚರ್ಚಿನ ಚೌರಪ್ಪನ ಮನೆ ಹುಡುಗರು ಸರಿ. ಅವರಷ್ಟೇ ಜನ ಗೌಡರ ಮನೆ ಮಕ್ಕಳೂ ಇರೋರು. ಪುಟ್ಟತಾಯಿ ಅಂತ ನನ್ನ ಜೊತೆಯವಳು, ರಾಗಿ ಪೈರು ಬರಿಸೋದು ಅವಳದೇ ಪಾಲು. ಡಿಸೆಂಬರ್ ಹನ್ನೆರಡು ಹದಿಮೂರರ ಹೊತ್ತಿಗೆ ರಾತ್ರಿ ರಾಗಿ ನೆನೆಹಾಕಿ, ಬೆಳಿಗ್ಗೆ ಹಳೆ ಮೊರದ ಮೇಲೆ ಜರಡಿ ಹಿಡಿದ ಗೊಬ್ಬರದ ಮಣ್ಣು ಹರಡಿ ಚೆಲ್ಲಿ, ಮೇಲೆ ಒದ್ದೆ ಗೋಣಿಚೀಲ ಮುಚ್ಚಿಡೋಳು. ಚಳಿಗೆ ಮೊಳಕೆ ನಿಧಾನ, ಅದಕ್ಕೇ ಒಲೆಯ ಪಕ್ಕ ಇಡಬೇಕು ಅನ್ನೋಳು. ಹಬ್ಬದ ಹೊತ್ತಿಗೆ ಎರಡು ಮೂರು ಇಂಚು ಹಸಿರು ಎದ್ದು ನಿಂತಿರುತ್ತಿತ್ತು. ಅದು ನಮ್ಮ ಬೆತ್ಲೆಹೇಮಿನ ಹುಲ್ಲುಗಾವಲು. ಸಿಮೆಂಟ್ ಚೀಲದ ಕಾಗದ ಮುದುಡಿ, ಬೂದಿ ಮಸಿ ಬಳಿದು ಬೆಟ್ಟ. ಹುಡುಗರು ಬೆಟ್ಟ ಮಾಡಿ ಅಂದರೆ ರಾಮನಗರದ ಬಂಡೆಗಳನ್ನೇ ಮಾಡೋರು, ಅವರು ಕಂಡದ್ದು ಅದನ್ನೇ. ಒಂಟೆ ಒಡೆದ ವರ್ಷ, ಬಾಲಯೇಸುವನ್ನು ನೋಡಲು ಬರುವ ಮೂರು ರಾಜರಲ್ಲಿ ಒಬ್ಬ ಚನ್ನಪಟ್ಟಣದ ಅರಗಿನ ಆನೆ ಮೇಲೆ ಬಂದ. ಫಾದರ್ ನೋಡಿ ನಕ್ಕರು, ತೆಗೆಸಲಿಲ್ಲ.

ನೋಡು, ಎಲ್ಲಿಂದ ಎಲ್ಲಿಗೋ ಹೋದೆ. ನೀನು ಕೇಳಿದ್ದು ಇದಲ್ಲ. ಅವರು ಬೇರೆ ಥರ ತಿಳಿದುಕೊಂಡರೆ ಅಂತ ನೀನು ಕೇಳಿದ್ದು.

ರಾತ್ರಿಯೆಲ್ಲ ಅದನ್ನೇ ತಿರುವಿಹಾಕಿದೆ. ಊರಿನಲ್ಲಿ ನಾವು ಯಾರನ್ನೂ ಕರೆದಿರಲಿಲ್ಲ ಕಣೇ. ಜಗಲಿ ಮೇಲೆ ಬಿದಿರು ಸೀಳುವ ಸದ್ದು ಕೇಳಿಸಿದರೆ ಮಕ್ಕಳು ತಾವಾಗಿ ಬಂದು ಕೂರುತ್ತಿದ್ದರು. ಹಾರೋಬೆಲೆಯಲ್ಲಿ ಯೇಸುವಿನ ಪಾಡನ್ನು ಆಡಿ ತೋರಿಸುವ ಮಹಿಮೆ ನಾಟಕಕ್ಕೆ ಸುತ್ತಲ ಊರಿನ ಜನ ಬರುತ್ತಾರಲ್ಲ, ಹಾಗೆ. ಯಾರು ಯಾರ ಮನೆಗೆ ಯಾಕೆ ಬಂದರು ಅಂತ ಕೇಳುವ ಸಂದರ್ಭವೇ ಇರಲಿಲ್ಲ. ನಿನ್ನ ಹನ್ನೊಂದನೇ ಮಹಡಿಯಲ್ಲಿ ಬಾಗಿಲು ಮುಚ್ಚಿರುತ್ತೆ. ಕರೆಯಲೇಬೇಕು. ಕರೆದ ಕೂಡಲೇ ‘ಯಾಕೆ ಕರೆದರು’ ಅನ್ನೋದೂ ಹುಟ್ಟುತ್ತೆ. ನಿನ್ನ ಭಯದಲ್ಲಿ ಅರ್ಧ ಆ ಬಾಗಿಲಿನದು ಅಂತ ನನಗೆ ಅನ್ನಿಸುತ್ತೆ. ಇನ್ನರ್ಧ ಕಾಲದ್ದು, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಊರಿನದೆಲ್ಲ ಚಂದ ಇತ್ತು ಅಂತಲೂ ಹೇಳಲಾರೆ. ಒಂದು ವರ್ಷ ಪುಟ್ಟತಾಯಿ ಬರಲಿಲ್ಲ. ಅವರ ಮನೆಯಲ್ಲಿ ರಾಗಿ ಕುಯ್ಲು ತಡವಾಗಿದೆ ಅಂತ ಅಮ್ಮ ಹೇಳಿದರು, ನಾನು ನಂಬಿದೆ. ಆ ಸಲ ಪೈರು ನಾನೇ ಬರಿಸಿದೆ, ಮೊರದ ತುಂಬ ಬೂಷ್ಟು ಹಿಡಿಯಿತು. ಮುಂದಿನ ವರ್ಷ ಅವಳು ಮೊದಲಿನ ಹಾಗೇ ಬಂದಳು, ಯಾರೂ ಏನೂ ಆಡಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಮೊದಲ ಸಲ ಅನುಮಾನ ಬಂತು: ನಿಜವಾಗಿ ಕುಯ್ಲೇನಾ? ಇಲ್ಲಾ ಅವರಪ್ಪನಿಗೆ ಯಾರಾದರೂ ಏನಾದರೂ ಊದಿದ್ದರಾ? ನಮ್ಮಮ್ಮ ನನ್ನಿಂದ ಏನಾದರೂ ಮುಚ್ಚಿಟ್ಟರಾ? ಪುಟ್ಟತಾಯಿಯನ್ನೇ ಕೇಳಬಹುದಿತ್ತು. ಅವಳನ್ನು ಮಳವಳ್ಳಿ ಕಡೆ ಕೊಟ್ಟರು, ನನ್ನನ್ನು ಬೆಂಗಳೂರಿಗೆ ಕೊಟ್ಟರು, ಇಬ್ಬರೂ ಒಬ್ಬರನ್ನೊಬ್ಬರು ಹುಡುಕಲಿಲ್ಲ. ಅವಳ ಮನೆಯ ಗೌರಿ ಹಬ್ಬಕ್ಕೆ ನಾನು ಪ್ರತಿ ವರ್ಷ ಹೋಗಿ ಬಾಗಿನದ ಮೊರ ಒಪ್ಪ ಮಾಡಿಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಅದಕ್ಕೆ ಯಾರೂ ಹೆದರಿದ್ದಿಲ್ಲ.

ಬೆಂಗಳೂರಿನ ಆ ಲೇಔಟಿಗೆ ಬಂದ ಮೇಲೆ ನಿಮ್ಮ ಮಾವ ನಕ್ಷತ್ರವನ್ನು ಬಾಗಿಲಾಚೆ ಕಟ್ಟಲಿಲ್ಲ. ಹಾಲ್‌ನಲ್ಲಿ, ಪರದೆಯ ಒಳಗೆ. ಅವರು ಹಾಗೇ, ನಿನಗೆ ಗೊತ್ತಲ್ಲ. ನೆರೆಹೊರೆಯವರು ಒಳ್ಳೆಯವರು, ಕಜ್ಜಾಯ ಕೊಟ್ಟರೆ ಕೈನೀಡಿ ತೆಗೆದುಕೊಂಡು, ತಟ್ಟೆ ವಾಪಸ್ ಕೊಡುವಾಗ ಸಕ್ಕರೆ ಹಾಕಿ ಕೊಡುವಂಥವರು. ಅಷ್ಟು ವರ್ಷದಲ್ಲಿ ಒಬ್ಬರೂ ಒಂದು ಮಾತು ಅಂದದ್ದಿಲ್ಲ. ನಕ್ಷತ್ರ ಒಳಗಿತ್ತು ಅಂತ ಅನ್ನಲಿಲ್ಲವೋ, ಹೊರಗಿದ್ದರೂ ಅನ್ನುತ್ತಿರಲಿಲ್ಲವೋ, ಈಗ ಹೇಗೆ ತಿಳಿಯೋದು? ನಿಮ್ಮ ಮಾವ ಇದ್ದಾಗ ಕೇಳಿದ್ದರೆ ‘ಏನೂ ಆಗಲಿಲ್ಲ ತಾನೇ’ ಅನ್ನುತ್ತಿದ್ದರು. ಹೌದು, ಏನೂ ಆಗಲಿಲ್ಲ. ನಿನ್ನ ಭಾವಂದಿರು ನಕ್ಷತ್ರ ಕಟ್ಟೋದನ್ನೂ ಕಲಿಯಲಿಲ್ಲ. ಪರದೆಯ ಹಿಂದೆ ತೂಗುವುದಕ್ಕೆ ಅಂಗಡಿಯದೇ ಸಾಕಾಯಿತು.

ಇದನ್ನು ನಿನಗೆ ಧೈರ್ಯ ತುಂಬಲಿಕ್ಕೆ ಬರೆದದ್ದಲ್ಲ. ನಾಳೆ ಯಾರಾದರೂ ಏನಾದರೂ ಅಂದರೆ ಅಲ್ಲಿ ನಿಂತು ಕೇಳಬೇಕಾದವಳು ನೀನು. ಇಲ್ಲಿ ಕೂತು ‘ಕಟ್ಟು, ಹೊರಗೇ ಕಟ್ಟು’ ಅನ್ನೋದು ಸುಲಭ.

ಕನ್ನಡ ಉಪದೇಶದ ಮೇಷ್ಟ್ರು ಗೋದಲಿ ಹುಟ್ಟಿದ ಕಥೆ ಹೇಳುತ್ತಿದ್ದರಲ್ಲ, ನೀನೂ ಕೇಳಿರಬೇಕು. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನೋ ಊರಿನ ಗುಡ್ಡದ ಮೇಲೆ ಅಸ್ಸಿಸಿಯ ಫ್ರಾನ್ಸಿಸ್ ಹುಲ್ಲು ಹಾಸಿ, ನಿಜವಾದ ಎತ್ತು ಕತ್ತೆ ತಂದು ನಿಲ್ಲಿಸಿ, ಊರವರು ಪಂಜು ಹಿಡಿದುಕೊಂಡು ಬಂದರು ಅಂತ. ಸಂತ ಬೊನವೆಂತೂರ ಆ ಕಥೆಯಲ್ಲಿ ಇನ್ನೊಂದು ಮಾತು ಬರೆದಿದ್ದಾರೆ. ಇದೇನೋ ಹೊಸ ಆಚಾರ ಶುರುಮಾಡಿದ ಅಂತ ಯಾರೂ ದೂರಬಾರದು ಅಂತ ಫ್ರಾನ್ಸಿಸ್ ಮೊದಲು ಪೋಪರ ಅಪ್ಪಣೆ ಪಡೆದಿದ್ದರಂತೆ. ಮೊದಲ ಗೋದಲಿಗೂ ‘ಏನಂದುಕೊಳ್ಳುತ್ತಾರೋ’ ಅನ್ನೋದು ಇದ್ದೇ ಇತ್ತು ನೋಡು. ಅದೂ ಸ್ವಂತ ಜನರ ನಡುವೆ.

ಅದಕ್ಕೇ ನನಗೆ ತೋಚಿದ್ದು, ಕೇಳಿಬಿಡು. ಗ್ರೂಪಿನಲ್ಲಿ ಹಾಕಬೇಡ, ಅಲ್ಲಿ ಒಬ್ಬರು ಅಂದದ್ದಕ್ಕೆ ಹತ್ತು ಜನ ಬಾಲ ಹಿಡಿಯುತ್ತಾರೆ. ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗಿ ‘ನಮ್ಮ ಹಬ್ಬ ಬರ್ತಾ ಇದೆ, ಶನಿವಾರ ಜೋಯಲ್ ಜೊತೆ ಕಾಗದದ ನಕ್ಷತ್ರ ಮಾಡ್ತೀವಿ, ಯೇಸು ಹುಟ್ಟಿದ ಹಟ್ಟಿಯನ್ನೂ ಮಾಡ್ತೀವಿ, ಕಳಿಸ್ತೀರಾ, ನೀವೂ ಬರ್ತೀರಾ’ ಅಂತ ನೇರ ಕೇಳು. ಗೋದಲಿ ಅನ್ನೋದನ್ನು ನುಂಗಿ ಬರೀ ‘ಕ್ರಾಫ್ಟ್’ ಅನ್ನಬೇಡ. ಆಮೇಲೆ ಮಗು ಮನೆಗೆ ಹೋಗಿ ‘ಬಾಲಯೇಸುಗೆ ತೊಟ್ಟಿಲು ಮಾಡಿದೆ’ ಅಂದರೆ ಅವರಿಗೆ ನೀನು ಮುಚ್ಚಿಟ್ಟ ಹಾಗೆ ಕಾಣುತ್ತೆ. ಬೇಡ ಅಂದವರು ಬೇಡ ಅಂದಾರು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ ಹೇಳೋಕೆ ನಾನ್ಯಾರು, ಪುಟ್ಟತಾಯಿ ಬಾರದ ಒಂದು ವರ್ಷವನ್ನು ಈ ವಯಸ್ಸಿನಲ್ಲಿ ಕೆದಕುತ್ತಾ ಕೂತವಳು.

ದೊಡ್ಡವರೂ ಬಂದರೆ ಇನ್ನೂ ಒಳ್ಳೆಯದು. ಗಂಟು ಬಿಗಿಯೋಕೆ ಮಕ್ಕಳ ಕೈಲಿ ಆಗಲ್ಲ, ದೊಡ್ಡ ಕೈ ಬೇಕೇ ಬೇಕು. ಮನೆಯೊಳಗೆ ಆಗದಿದ್ದರೆ ಕೆಳಗೆ ಆಟದ ಜಾಗದ ಪಕ್ಕ ಮೇಜು ಹಾಕೋಕೆ ಬಿಡುತ್ತಾರಾ ನೋಡು. ನಾಲ್ಕು ಜನ ಓಡಾಡುವ ಕಡೆ, ಕಾಣುವ ಹಾಗೆ. ಹಾಡು, ಪ್ರಾರ್ಥನೆ ಆ ದಿನ ಬೇಡ ಅನ್ನಿಸುತ್ತೆ. ಅದು ಹೆದರಿಕೆಯಿಂದಲ್ಲ, ಹೆದರಿಕೆಯಿಂದಲೇ ಇರಬಹುದು, ಆದರೂ ಇನ್ನೊಬ್ಬರ ಮಕ್ಕಳು ನೋಡು. ಅವರವರು ಮಾಡಿದ ನಕ್ಷತ್ರ ಅವರವರೇ ಒಯ್ಯಲಿ. ದೀಪಾವಳಿಯ ಆಕಾಶಬುಟ್ಟಿಗೂ ಬೇಕಾಗೋದು ಇದೇ ಕಡ್ಡಿ, ಇದೇ ಕಾಗದ. ಮುಂದಿನ ವರ್ಷ ಅವರು ಅದನ್ನು ಕಟ್ಟುವಾಗ ಜೋಯಲ್‌ನನ್ನು ಕರೆದರೆ ಕಳಿಸು, ಒಂದು ಗಳಿಗೆಯೂ ಯೋಚಿಸಬೇಡ.

ಗೋದಲಿಗೆ ಅಚ್ಚುಕಟ್ಟು ಬೇಡ. ಯಾರಾದರೂ ಡೈನೋಸಾರ್ ತಂದು ಕುರಿಗಳ ಪಕ್ಕ ನಿಲ್ಲಿಸಿದರೆ ಇರಲಿ ಬಿಡು. ನೀನು ತೂಗುಹಾಕುವ ನಕ್ಷತ್ರಕ್ಕೆ ಒಂದು ಮುಖದಲ್ಲಿ ಬಲ್ಬ್ ತೂರುವಷ್ಟು ಜಾಗ ಕಾಗದ ಅಂಟಿಸದೆ ಬಿಟ್ಟಿರು, ಎಲ್‌ಇಡಿಯೇ ಹಾಕು, ಹಳೆ ಕಾಲದ ನಲವತ್ತು ವ್ಯಾಟಿನ ಬಲ್ಬಿಗೆ ಕಾಗದ ಕರಕಾಗುತ್ತೆ. ಬಾಲಯೇಸುವನ್ನು ಮಾತ್ರ ಎತ್ತಿಡು, ನಡುರಾತ್ರಿ ಪೂಜೆ ಮುಗಿಸಿ ಬಂದು ನೀವು ಮೂವರೇ ಇಡಿ. ಗೋದಲಿ ಜನವರಿಯ ಮೂರು ರಾಜರ ಹಬ್ಬದವರೆಗೆ ಇರಲಿ. ಯಾರಾದರೂ ನೋಡಲು ಬಂದರೆ ಬಾಗಿಲು ತೆಗೆ, ಬರದಿದ್ದರೆ ಇಲ್ಲ.

ನಕ್ಷತ್ರ ಬಾಲ್ಕನಿಯಲ್ಲೋ ಒಳಗೋ ಅಂತ ನೀನು ಕೇಳಿಲ್ಲ. ನಾನೂ ಹೇಳಲ್ಲ. ನಿನ್ನ ಗಂಡನನ್ನು ಕೇಳು. ಆದರೆ ಕೇಳು, ನನ್ನ ಹಾಗೆ ಸುಮ್ಮನಿರಬೇಡ.

ಈಗ ಊರಿನಲ್ಲಿ ಹುಳ ಗೂಡು ಕಟ್ಟೋಕೆ ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಬಿದಿರಿನ ಚಂದ್ರಿಕೆಗಳೆಲ್ಲ ಅಟ್ಟ ಸೇರಿವೆ. ಒಂದನ್ನು ಬಿಚ್ಚಿಸಿ ದಬ್ಬೆ ಹೆರೆಸಿದ್ದೀನಿ, ಮಕ್ಕಳ ಕೈಗೆ ಸಿಬಿರು ಚುಚ್ಚದ ಹಾಗೆ ಮರಳು ಕಾಗದವನ್ನೂ ಉಜ್ಜಿಸಿದೆ. ಆರು ನಕ್ಷತ್ರಕ್ಕೆ ಲೆಕ್ಕಹಾಕಿ ಅರವತ್ತು ಉದ್ದದ ಕಡ್ಡಿ, ಮೂವತ್ತು ಮೋಟು, ಮೇಲೆ ಮುರಿದುಹೋದರೆ ಅಂತ ಒಂದು ಹಿಡಿ. ಚೌರಪ್ಪನ ಮೊಮ್ಮಗ ಭಾನುವಾರ ಕನಕಪುರದಿಂದ ಬಸ್ಸಿಗೆ ಬರುತ್ತಾನೆ, ಅವನ ಕೈಲಿ ಕಳಿಸ್ತೀನಿ. ಅರ್ಧ ಸೇರು ರಾಗಿಯೂ ಇದೆ ಅದರಲ್ಲಿ. ನೆನೆಹಾಕೋದು ತಡ ಮಾಡಬೇಡ, ನಿಮ್ಮಲ್ಲಿ ಒಲೆ ಇಲ್ಲ, ಫ್ರಿಜ್ಜಿನ ಹಿಂದೆ ಬೆಚ್ಚಗಿರುತ್ತೆ, ಅಲ್ಲಿಡು. ನೀರು ಚಿಮುಕಿಸಬೇಕು, ಸುರಿಯಬಾರದು, ನನ್ನ ಮೊರಕ್ಕೆ ಬೂಷ್ಟು ಬಂದದ್ದು ಅದಕ್ಕೇ. ಮೆಜೆಸ್ಟಿಕ್‌ಗೆ ಎಷ್ಟು ಹೊತ್ತಿಗೆ ತಲುಪುತ್ತಾನೆ ಅಂತ ಅವನೇ ಫೋನ್ ಮಾಡುತ್ತಾನೆ, ನಿನ್ನ ಹೊಸ ನಂಬರ್ ಅವನಿಗೆ ಕೊಟ್ಟಿದ್ದೀನಿ.

ನಿನ್ನ
ಅತ್ತೆ